ಆಳಂದ, ಅಫಜಲಪುರ, ಜೇವರ್ಗಿ: ಬರದ ಸೀಮೆಯ ಇತಿಹಾಸ ನಮಗೆ ಕಲಿಸುವ ಪಾಠ

ಕಲಬುರಗಿ ಜಿಲ್ಲೆಯ ಪಶ್ಚಿಮಕ್ಕೆ ಮೂರು ತಾಲೂಕುಗಳಿವೆ. ಮಹಾರಾಷ್ಟ್ರದ ಉಮರಗಾ, ಅಕ್ಕಲಕೋಟೆಗಳಿಗೆ ಹೊಂದಿಕೊಂಡು ಆಳಂದ, ಅದರ ಕೆಳಗೆ ಭೀಮೆಯ ದಡದಲ್ಲಿ ಅಫಜಲಪುರ, ಹೊಳೆ ದಾಟಿದರೆ ಜೇವರ್ಗಿ. ಈ ಸೀಮೆಯ ಹೆಸರು ಪತ್ರಿಕೆಯಲ್ಲಿ ಬರುವುದು ಬರ ಬಿದ್ದಾಗ, ನೆರೆ ಬಂದಾಗ, ಇಲ್ಲವೇ ಜಗಳವಾದಾಗ. ಉಳಿದ ದಿನಗಳಲ್ಲಿ ಇಲ್ಲಿ ಜನ ಹೇಗೆ ಬದುಕಿದರು, ಆರು ನೂರು ವರ್ಷಗಳಿಂದ ಯಾವ ಆಸರೆಯ ಮೇಲೆ ನಿಂತರು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮಕ್ಕಳಂತೂ ಬದ್ರ್, ಉಹುದ್ ಯುದ್ಧಗಳ ವಿವರ ಹೇಳುತ್ತಾರೆ, ಸ್ಪೇನಿನ ಅಲ್‌ಹಂಬ್ರಾದ ಚಿತ್ರ ಗುರುತಿಸುತ್ತಾರೆ. ಆದರೆ ತಮ್ಮ ಅಜ್ಜ ನೀರು ಸೇದಿದ ಬಾವಿಯನ್ನು ಯಾರು ತೋಡಿಸಿದರು ಎಂದರೆ ಸುಮ್ಮನಾಗುತ್ತಾರೆ. ಈ ತಿಂಗಳು ಆ ಇತಿಹಾಸವನ್ನೇ ಸ್ವಲ್ಪ ನೋಡೋಣ.

ಎರೆಭೂಮಿ ಮತ್ತು ಹಗೇವು

ಮೊದಲು ನೆಲದ ಗುಣ ತಿಳಿಯಬೇಕು. ಈ ಮೂರೂ ತಾಲೂಕುಗಳಲ್ಲಿ ಹೆಚ್ಚಿನದು ಕಪ್ಪು ಎರೆಭೂಮಿ. ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲು ಬಿದ್ದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇಲ್ಲಿ ವರ್ಷಕ್ಕೆ ಎಷ್ಟು ಮಳೆಯಾಯಿತು ಎಂಬ ಲೆಕ್ಕಕ್ಕಿಂತ ಯಾವಾಗ ಆಯಿತು ಎಂಬುದು ಮುಖ್ಯ. ಮುಂಗಾರಿಯಲ್ಲಿ ಕೈಕೊಟ್ಟು ಹಿಂಗಾರಿಯಲ್ಲಿ ಎರಡು ಹದ ಮಳೆ ಬಂದರೂ ಸಾಕು, ಎರೆ ಆ ತೇವವನ್ನು ಹಿಡಿದಿಟ್ಟುಕೊಂಡು ಬಿಳಿಜೋಳ ಕೊಡುತ್ತದೆ. ತೊಗರಿ ಬೇರನ್ನು ಆಳಕ್ಕೆ ಇಳಿಸಿ ತೇವ ಹುಡುಕಿಕೊಳ್ಳುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮ ತಟ್ಟೆಯ ರೊಟ್ಟಿ ಮತ್ತು ಬೇಳೆ ಎರಡೂ ಈ ಮಣ್ಣಿನ ತಾಳ್ಮೆಯಿಂದ ಬಂದವು.

ಮಳೆ ನಂಬುವಂಥದ್ದಲ್ಲ ಎಂದು ತಿಳಿದ ರೈತ ಧಾನ್ಯ ಕೂಡಿಡುವುದನ್ನು ಕಲಿತ. ನೆಲದೊಳಗೆ ಹಗೇವು ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕಾರಣ ಹುಳ ಹಿಡಿಯುತ್ತಿರಲಿಲ್ಲ, ಧಾನ್ಯ ವರ್ಷಗಟ್ಟಲೆ ಉಳಿಯುತ್ತಿತ್ತು. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು, ವಿಷಗಾಳಿ ಹೋಗುವವರೆಗೆ ಕಾಯಬೇಕು ಎಂದು ಹಿರಿಯರು ಹೇಳುತ್ತಿದ್ದರು. ಹಜರತ್ ಯೂಸುಫ್ (ಅ) ಅವರು ಈಜಿಪ್ಟಿನ ಅರಸನಿಗೆ ಏನು ಸಲಹೆ ಕೊಟ್ಟರು ಎಂಬುದು ನಮಗೆಲ್ಲ ಗೊತ್ತು: ಏಳು ವರ್ಷ ಬೆಳೆ ಚೆನ್ನಾಗಿ ಬರುವಾಗ ತಿನ್ನುವಷ್ಟನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ತೆನೆಯಲ್ಲೇ ಬಿಟ್ಟು ಕಾಪಾಡಬೇಕು, ಏಕೆಂದರೆ ಮುಂದೆ ಏಳು ವರ್ಷ ಬರ ಇದೆ. ನಮ್ಮ ಸೀಮೆಯ ಹಗೇವು ಅದೇ ಬುದ್ಧಿಯ ಇನ್ನೊಂದು ರೂಪ. ಬರ ಬಂದಾಗ ಹಗೇವು ತೆರೆದು ಊರಿಗೆ ಕಾಳು ಕೊಟ್ಟವನಿಗೆ ಊರಿನಲ್ಲಿ ಗೌರವ ಇತ್ತು. ಬೆಲೆ ಏರಲಿ ಎಂದು ಮುಚ್ಚಿಟ್ಟವನಿಗೆ ಇರಲಿಲ್ಲ. ಬೆಲೆ ಏರಿಸಲು ಧಾನ್ಯ ಅಡಗಿಸಿಡುವುದನ್ನು ನಮ್ಮ ಪ್ರವಾದಿ (ಸ) ಅವರು ಪಾಪವೆಂದು ಹೇಳಿದ್ದಾರೆ.

ಬಹಮನಿ ಅರಸರ ಕಾಲದ ಬರ

1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಬಹಮನಿ ರಾಜ್ಯ ಆರಂಭವಾಯಿತು. ಈ ಅರಸರ ಯುದ್ಧಗಳ ಕಥೆಯನ್ನು ಶಾಲೆಯ ಪುಸ್ತಕದಲ್ಲಿ ಓದುತ್ತೇವೆ. ಆದರೆ ಎರಡನೇ ಮುಹಮ್ಮದ್ ಶಾಹ (1378–1397) ಯುದ್ಧಕ್ಕಿಂತ ಬರದ ಕಾಲದ ಕೆಲಸಕ್ಕಾಗಿ ನೆನಪಿಡಬೇಕಾದ ಅರಸ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿರುವಂತೆ, ಇವನ ಕಾಲದಲ್ಲಿ ಬರ ಬಿದ್ದಾಗ 10,000 ಎತ್ತುಗಳನ್ನು ಮಾಳವ ಮತ್ತು ಗುಜರಾತಿಗೆ ಕಳುಹಿಸಿ ಧಾನ್ಯ ತರಿಸಿ ಕಡಿಮೆ ಬೆಲೆಗೆ ಮಾರಿಸಿದ. ಅನಾಥ ಮಕ್ಕಳಿಗಾಗಿ ಕಲಬುರಗಿ, ಬೀದರ್, ಕಂಧಾರ, ಎಲಿಚಪುರ, ದೌಲತಾಬಾದ್, ಚೌಲ್, ದಾಭೋಳ ಎಂಬ ಏಳು ಊರುಗಳಲ್ಲಿ ಶಾಲೆ ತೆರೆಸಿ ಊಟ ಮತ್ತು ಪಾಠದ ಖರ್ಚನ್ನು ರಾಜ್ಯದಿಂದ ಕೊಡಿಸಿದ.

ಹತ್ತು ಸಾವಿರ ಎತ್ತು ಎಂದರೆ ಏನೆಂದು ಸ್ವಲ್ಪ ಯೋಚಿಸಿ. ರೈಲು ಇಲ್ಲ, ಡಾಂಬರು ರಸ್ತೆ ಇಲ್ಲ. ಎತ್ತಿನ ಬೆನ್ನ ಮೇಲೆ ಹೇರು ಹಾಕಿ ನೂರಾರು ಹರದಾರಿ ನಡೆಸಬೇಕು. ದಾರಿಯಲ್ಲಿ ಆ ಎತ್ತುಗಳಿಗೂ ನೀರು, ಮೇವು ಬೇಕು. ಬರಗಾಲದಲ್ಲಿ ಅದು ಸಿಗುವುದೇ ಕಷ್ಟ. ಹಜರತ್ ಉಮರ್ (ರ.ಅ) ಅವರ ಕಾಲದಲ್ಲಿ ಮದೀನಾದಲ್ಲಿ ಬರ ಬಂದಾಗ ಅವರು ಈಜಿಪ್ಟ್ ಮತ್ತು ಶಾಮ್‌ನಿಂದ ಧಾನ್ಯ ತರಿಸಿದರು, ಜನರ ಹಸಿವು ನೀಗುವವರೆಗೆ ತಾವು ತುಪ್ಪ ಮುಟ್ಟಲಿಲ್ಲ. ಬಹಮನಿ ಅರಸ ಉಮರ್ (ರ.ಅ) ಅವರಿಗೆ ಸಮನೆಂದು ನಾವು ಹೇಳುತ್ತಿಲ್ಲ. ಅರಸೊತ್ತಿಗೆಯ ತೆರಿಗೆಯ ಭಾರವನ್ನೂ, ಯುದ್ಧದ ನಷ್ಟವನ್ನೂ ಹೊತ್ತವನು ಇದೇ ರೈತ. ಆದರೂ ಅಧಿಕಾರದಲ್ಲಿ ಇರುವವನನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬುದಕ್ಕೆ ಈ ಘಟನೆ ಒಂದು ಮಾದರಿ. ಕೋಟೆ ಎಷ್ಟು ಗೆದ್ದ ಎನ್ನುವುದಕ್ಕಿಂತ ಬರಗಾಲದಲ್ಲಿ ಎಷ್ಟು ಜನರಿಗೆ ಊಟ ಮುಟ್ಟಿಸಿದ ಎಂದು ಕೇಳಬೇಕು.

ಅದೇ ಶತಮಾನದ ಕೊನೆಯಲ್ಲಿ ದಖನ್ನಿಗೆ ಇನ್ನೂ ದೊಡ್ಡ ಬರ ಬಂತು. ದುರ್ಗಾದೇವಿ ಬರ ಎಂದು ಜನ ಅದನ್ನು ನೆನಪಿಟ್ಟರು. ಹನ್ನೆರಡು ವರ್ಷ ಇತ್ತು ಎಂದು ಪರಂಪರೆ ಹೇಳುತ್ತದೆ. ಊರುಗಳು ಹಾಳುಬಿದ್ದವು. 1398ರಲ್ಲಿ ತೈಮೂರ್ ದಿಲ್ಲಿಯನ್ನು ಸೂರೆ ಮಾಡಿದ. ಆ ಹೊತ್ತಿನಲ್ಲಿ ದಿಲ್ಲಿ ಬಿಟ್ಟ ಹಜರತ್ ಖ್ವಾಜಾ ಬಂದಾ ನವಾಜ್ ಗೇಸೂದರಾಜ್ (ರಹ್) ಅವರು ಮುಪ್ಪಿನ ವಯಸ್ಸಿನಲ್ಲಿ ಕಲಬುರಗಿಗೆ ಬಂದರು. 1422ರಲ್ಲಿ ಅವರು ನಿಧನರಾಗುವವರೆಗೆ ಅವರ ಖಾನಕಾಹ ಈ ಊರಿನಲ್ಲಿಯೇ ಇತ್ತು. ಬರದಿಂದ ಬಳಲಿದ ಸೀಮೆಗೆ ಬಂದವರು ಅವರು ಎಂಬುದನ್ನು ಉರೂಸಿನ ಗದ್ದಲದಲ್ಲಿ ನಾವು ಮರೆಯುತ್ತೇವೆ.

ಭೀಮೆಯ ದಡದ ಪಾಳು ನಗರ

ಕಲಬುರಗಿಯಿಂದ ಜೇವರ್ಗಿಗೆ ಹೋಗುವವರು ಭೀಮೆಯ ಸೇತುವೆ ದಾಟುತ್ತಾರೆ. ಹೊಳೆಯ ಈಚೆ ದಡದಲ್ಲಿ, ಹೆದ್ದಾರಿಯಿಂದ ಒಳಗೆ ಫಿರೋಜಾಬಾದ್ ಇದೆ. ಸುಲ್ತಾನ ಫಿರೋಜ್ ಶಾಹ ಬಹಮನಿ (1397–1422) 1400ರ ಸುಮಾರಿಗೆ ಕಟ್ಟಿಸಿದ ನಗರ. ಮೂರು ಕಡೆ ಕೋಟೆ ಗೋಡೆ, ನಾಲ್ಕನೆಯ ಕಡೆ ಹೊಳೆ. ಒಳಗೆ ಅರಮನೆ, ಹಮಾಮ್, ದೊಡ್ಡ ಜಾಮಿಯಾ ಮಸೀದಿ ಇದ್ದವು. ಫಿರೋಜ್ ಶಾಹ ಹಲವು ಭಾಷೆ ಬಲ್ಲವನು, ವಿದ್ಯಾವಂತರನ್ನು ಹತ್ತಿರ ಇಟ್ಟುಕೊಂಡವನು. 1422ರಲ್ಲಿ ಅಧಿಕಾರ ಅವನ ತಮ್ಮ ಅಹಮದ್ ಶಾಹನ ಕೈಗೆ ಹೋಯಿತು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಕಟ್ಟಿಸಿದವನ ಬದುಕಿನ ಜೊತೆಗೇ ನಗರದ ಬದುಕೂ ಮುಗಿದಂತಾಯಿತು. ಇಂದು ಅಲ್ಲಿ ಗೋಡೆ, ಕಮಾನು, ಗುಮ್ಮಟಗಳ ನಡುವೆ ಜೋಳದ ಹೊಲಗಳಿವೆ. ಒಂದು ಕಾಲಕ್ಕೆ ಸಾವಿರ ಜನ ನಿಂತು ನಮಾಜ್ ಮಾಡಬಹುದಾಗಿದ್ದ ಮಸೀದಿಯ ಅಂಗಳದಲ್ಲಿ ಹುಲ್ಲು ಬೆಳೆದಿದೆ. ಹತ್ತಿರದ ದರ್ಗಾಕ್ಕೆ ಮಾತ್ರ ಈಗಲೂ ಸುತ್ತಲಿನ ಎಲ್ಲ ಜಾತಿಯ ಜನ ಬರುತ್ತಾರೆ.

ಭೂಮಿಯ ಮೇಲೆ ತಿರುಗಾಡಿ ಹಿಂದಿನವರ ಗತಿ ಏನಾಯಿತು ಎಂದು ನೋಡಲು ಕುರ್‌ಆನ್ ಅನೇಕ ಕಡೆ ನಮಗೆ ಹೇಳುತ್ತದೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಅರಮನೆ ಪಾಳು ಬಿದ್ದಿತು, ಎದುರಿನ ಜೇವರ್ಗಿಯ ಹಳ್ಳಿಗಳು ಉಳಿದವು. ಅರಮನೆ ನಿಂತಿದ್ದು ಒಬ್ಬನ ಇಚ್ಛೆಯ ಮೇಲೆ. ಹಳ್ಳಿಗಳು ನಿಂತಿದ್ದು ಬಾವಿ, ಹಗೇವು, ಹೊಳೆಯ ದೋಣಿ, ಒಬ್ಬರಿಗೊಬ್ಬರ ಅಗತ್ಯ ಇವುಗಳ ಮೇಲೆ.

ಒಂದೇ ಸೀಮೆಯ ಬುಜುರ್ಗರು, ಶರಣರು

ಆಳಂದದಲ್ಲಿ ಹಜರತ್ ಅಲಾವುದ್ದೀನ್ ಅನ್ಸಾರಿ (ರಹ್) ಅವರ ದರ್ಗಾ ಇದೆ. ಜನರ ಬಾಯಲ್ಲಿ ಅವರು ಲಾಡ್ಲೆ ಮಶಾಯಕ್. ಅಫಜಲಪುರ ತಾಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ನದಿ ಕೂಡುವ ಕಡೆ ದೇವಲ ಗಾಣಗಾಪುರ. ದತ್ತ ಸಂಪ್ರದಾಯದ ನರಸಿಂಹ ಸರಸ್ವತಿಯವರು ಇದ್ದ ಊರು. ಆ ಸಂಪ್ರದಾಯದ ಗುರುಚರಿತ್ರೆ ಎಂಬ ಮರಾಠಿ ಗ್ರಂಥದಲ್ಲಿ ಬೀದರಿನ ಮುಸ್ಲಿಂ ಬಾದಶಹನೊಬ್ಬ ಹುಣ್ಣಿನಿಂದ ನರಳುತ್ತಾ ಗುರುಗಳ ಬಳಿಗೆ ಬಂದ ಕಥೆ ಇದೆ. ಅದು ನಮ್ಮ ನಂಬಿಕೆಯ ಕಥೆ ಅಲ್ಲ. ಆದರೆ ಐನೂರು ವರ್ಷಗಳ ಹಿಂದಿನ ಒಬ್ಬ ಹಿಂದೂ ಭಕ್ತ ತನ್ನ ಗುರುವಿನ ಚರಿತ್ರೆ ಬರೆಯುವಾಗ ಮುಸ್ಲಿಂ ಅರಸನನ್ನೂ ಅದರೊಳಗೆ ಸೇರಿಸಿಕೊಂಡ ಎಂಬುದು ಇತಿಹಾಸ ಓದುವವನಿಗೆ ದೊಡ್ಡ ಸಾಕ್ಷಿ.

ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹದಿನೆಂಟನೇ ಶತಮಾನದಲ್ಲಿ ಹುಟ್ಟಿದವರು ಶರಣಬಸವೇಶ್ವರರು. ಅವರು ರೈತರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕುಡಿಯಲು ನೀರು ಇಟ್ಟರು ಎಂದು ಜನ ಕಥೆ ಹೇಳುತ್ತಾರೆ. ಹಸಿದು ಬಂದವರಿಗೆ ದಾಸೋಹ ನಡೆಸಿದರು. 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಇನ್ನು ವಚನಕಾರ ಷಣ್ಮುಖ ಶಿವಯೋಗಿಗಳು ಜೇವರ್ಗಿಯವರೇ.

ಇವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೆ ದರ್ಗಾದ ಲಂಗರ್, ಮಠದ ದಾಸೋಹ ಎರಡೂ ಒಂದೇ ಮಣ್ಣಿನಲ್ಲಿ ಏಕೆ ಬೆಳೆದವು ಎಂದು ಕೇಳಿದರೆ ಉತ್ತರ ಈ ನೆಲದಲ್ಲೇ ಇದೆ. ನಾಲ್ಕು ವರ್ಷಕ್ಕೊಮ್ಮೆ ಬೆಳೆ ಕೈಕೊಡುವ ಕಡೆ ಊಟ ಹಾಕುವ ಮನೆಯೇ ಜನರಿಗೆ ದೊಡ್ಡದು. ಅಲ್ಲಿ ಬಂದವನ ಜಾತಿ ಕೇಳುತ್ತಾ ಕುಳಿತರೆ ಯಾರೂ ಉಳಿಯುತ್ತಿರಲಿಲ್ಲ.

ಮುಸ್ಲಿಂ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಹಿಂದೂಗಳೇ ಮೊಹರಂ ಪೀರ್ ಕೂರಿಸುವುದನ್ನು ಈ ಭಾಗದಲ್ಲಿ ಕಾಣಬಹುದು. ಆ ಆಚರಣೆಗಳ ಶರೀಅತ್ ವಿಚಾರ ಬೇರೆ, ಅದನ್ನು ಬೇರೆ ಕಡೆ ಹೇಳಿದ್ದೇವೆ. ಇಲ್ಲಿ ನಾವು ನೋಡಬೇಕಾದುದು, ಕರ್ಬಲಾದಲ್ಲಿ ನೀರಿಲ್ಲದೆ ಹುತಾತ್ಮರಾದವರ ದುಃಖ ನೀರಿಲ್ಲದ ಈ ಸೀಮೆಯ ಜನರಿಗೆ ಎಷ್ಟು ಬೇಗ ಅರ್ಥವಾಯಿತು ಎಂಬುದನ್ನು.

ಜಾಗೀರು, ರಜಾಕಾರರು ಮತ್ತು 1948

ಬಹಮನಿಗಳ ನಂತರ ಆದಿಲ್‌ಶಾಹಿ, 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರು, 1724ರಿಂದ ಹೈದರಾಬಾದಿನ ಆಸಫ್‌ಜಾಹಿ ನಿಜಾಮರು. ನಿಜಾಮರ ಕಾಲದಲ್ಲಿ ಆಳಂದ, ಅಫಜಲಪುರ ಸೀಮೆಗಳು ಪಾಯಗಾ ಜಾಗೀರಿಗೆ ಸೇರಿದ್ದವು. ಪಾಯಗಾ ಎಂದರೆ ಸರ್ಕಾರಕ್ಕೆ ಕುದುರೆ ಸೈನ್ಯ ಒದಗಿಸಲು ದೊಡ್ಡ ಅಮೀರರ ಮನೆತನಕ್ಕೆ ಬಿಟ್ಟುಕೊಟ್ಟ ಭೂಮಿ. ಕಂದಾಯ ಹೋಗುತ್ತಿದ್ದುದು ಹೈದರಾಬಾದಿನ ಹವೇಲಿಗೆ. ಕೆರೆ ತುಂಬಿದೆಯೋ ಇಲ್ಲವೋ, ಶಾಲೆ ಇದೆಯೋ ಇಲ್ಲವೋ ನೋಡುವವರು ಕಡಿಮೆ. ಜೇವರ್ಗಿ ಭಾಗ ಅಂದೋಲಾ ತಾಲೂಕು ಎಂಬ ಹೆಸರಿನಲ್ಲಿತ್ತು. 1871ರ ಹೊತ್ತಿಗೆ ಮುಂಬಯಿ–ಮದ್ರಾಸ್ ರೈಲು ಗಾಣಗಾಪುರ ರೋಡ್, ಕಲಬುರಗಿ, ವಾಡಿ ಮೂಲಕ ಓಡತೊಡಗಿತು. ಐದು ವರ್ಷದಲ್ಲೇ 1876–78ರ ಮಹಾಬರ ಬಂತು. ರೈಲು ಧಾನ್ಯ ತರಬಲ್ಲದು, ಹಾಗೆಯೇ ಹೆಚ್ಚು ಬೆಲೆ ಸಿಗುವ ಕಡೆಗೆ ಧಾನ್ಯ ಒಯ್ಯಬಲ್ಲದು ಎಂದು ದಕ್ಷಿಣ ಭಾರತ ಆ ಬರದಲ್ಲಿ ತಿಳಿಯಿತು. ಹಣವಿಲ್ಲದವನಿಗೆ ರೈಲಿನಿಂದ ಪ್ರಯೋಜನವಾಗಲಿಲ್ಲ.

ಮುಸ್ಲಿಂ ಅರಸರ ಆಳ್ವಿಕೆ ಎಂದರೆ ಮುಸ್ಲಿಮರೆಲ್ಲ ಸುಖವಾಗಿದ್ದರು ಎಂದು ಕೆಲವರು ತಿಳಿಯುತ್ತಾರೆ. ಆಳಂದದ ಮುಸ್ಲಿಂ ನೇಕಾರ, ಪಿಂಜಾರ, ಕಸಾಯಿ, ಕೂಲಿಕಾರ, ಸಣ್ಣ ರೈತ ಇವರ ಬದುಕಿಗೂ ಪಾಯಗಾ ಅಮೀರನ ಬದುಕಿಗೂ ಯಾವ ಸಂಬಂಧವೂ ಇರಲಿಲ್ಲ. ಕಂದಾಯದ ಜವಾನ ಬಾಗಿಲಿಗೆ ಬಂದಾಗ ಹಿಂದೂ ಮನೆ, ಮುಸ್ಲಿಂ ಮನೆ ಎರಡೂ ಅಂಜುತ್ತಿದ್ದವು. ಆದರೆ ಆಳುವವರ ಲೆಕ್ಕ ತೀರಿಸುವ ಹೊತ್ತು ಬಂದಾಗ ಬೆಲೆ ತೆತ್ತವರು ಈ ಬಡವರೇ.

1947–48ರಲ್ಲಿ ರಜಾಕಾರರು ಹಳ್ಳಿಗಳಲ್ಲಿ ಮಾಡಿದ ದೌರ್ಜನ್ಯ ನಿಜ. ಪಕ್ಕದ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಮೇ 1948ರಲ್ಲಿ ನಡೆದ ಹತ್ಯಾಕಾಂಡವನ್ನು ಯಾವ ಮಾತಿನಿಂದಲೂ ಸಮರ್ಥಿಸಲಾಗದು. ಇಸ್ಲಾಮಿನ ಹೆಸರು ಹೇಳಿಕೊಂಡು ನಿರಪರಾಧಿಗಳನ್ನು ಕೊಂದವರನ್ನು ನಮ್ಮವರೆಂದು ಹೇಳಿಕೊಳ್ಳುವ ಅಗತ್ಯ ನಮಗಿಲ್ಲ. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತೀಯ ಸೈನ್ಯದ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿತು. ಆ ನಂತರದ ದಿನಗಳಲ್ಲಿ ರಜಾಕಾರರಿಗೆ ಸಂಬಂಧವೇ ಇಲ್ಲದ ಮುಸ್ಲಿಂ ಕುಟುಂಬಗಳ ಮೇಲೆ ಸೇಡು ತೀರಿಸಲಾಯಿತು. ನವೆಂಬರ್–ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ ಬಂದ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ಸಮಿತಿ ಜಿಲ್ಲೆಗಳಲ್ಲಿ ತಿರುಗಿ ವರದಿ ಕೊಟ್ಟಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಹಲವು ದಶಕ ಈ ವರದಿ ಜನರ ಕೈಗೆ ಸಿಗಲಿಲ್ಲ.

ಆ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಅನೇಕ ಕಡೆ ಹಿಂದೂಗಳು ತಮ್ಮ ನೆರೆಯ ಮುಸ್ಲಿಮರನ್ನು ಕಾಪಾಡಿದರು. ಮುಖ್ಯವಾಗಿ ಮುಸ್ಲಿಂ ನೇಕಾರರನ್ನು ಹಿಂದೂ ನೇಕಾರರು ರಕ್ಷಿಸಿದರು, ಅದಕ್ಕಾಗಿ ಕೆಲವರು ಪ್ರಾಣವನ್ನೇ ಕೊಟ್ಟರು ಎಂದು ಸಮಿತಿ ದಾಖಲಿಸಿದೆ. ಒಂದೇ ಕಸುಬು ಮಾಡುವವರು, ಒಂದೇ ಓಣಿಯಲ್ಲಿ ಮಗ್ಗ ಇಟ್ಟುಕೊಂಡವರು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ನಮ್ಮ ಮನೆಗಳಲ್ಲಿ 1948ರ ಮಾತು ಬಂದಾಗ ಅಜ್ಜಿಯರು ಕಣ್ಣೀರು ಹಾಕಿ ಸುಮ್ಮನಾಗುತ್ತಾರೆ. ಮಕ್ಕಳಿಗೆ ಏನೂ ಹೇಳುವುದಿಲ್ಲ, ಇಲ್ಲವೇ ಅರ್ಧ ಹೇಳುತ್ತಾರೆ. ಹೇಳುವುದಾದರೆ ಪೂರ್ತಿ ಹೇಳಬೇಕು. ರಜಾಕಾರನ ಅನ್ಯಾಯವನ್ನೂ, ನಮಗಾದ ಅನ್ಯಾಯವನ್ನೂ, ಬಾಗಿಲು ತೆರೆದು ಒಳಗೆ ಕರೆದುಕೊಂಡ ನೆರೆಮನೆಯವರನ್ನೂ ಹೇಳಬೇಕು. ಅರ್ಧ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ದ್ವೇಷ ಅಥವಾ ಅಂಜಿಕೆ ಉಳಿಯುತ್ತದೆ.

ಮುಂದೆ 1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಈ ಜಿಲ್ಲೆ ಕನ್ನಡ ನಾಡಿನೊಂದಿಗೆ ಕೂಡಿತು. ಆದರೆ ಬಡತನ ಅಷ್ಟು ಬೇಗ ಹೋಗಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲೂಕುಗಳನ್ನು ಅಳೆದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿ ಬಂದವು. ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ಶಿಕ್ಷಣ, ನೌಕರಿಯಲ್ಲಿ ಈ ಭಾಗದವರಿಗೆ ಮೀಸಲಾತಿ ಸಿಕ್ಕಿದೆ. ಅದನ್ನು ಬಳಸಿಕೊಳ್ಳಲು ಪ್ರಮಾಣಪತ್ರ ಮಾಡಿಸುವ ಕೆಲಸವನ್ನಾದರೂ ನಮ್ಮ ಜಮಾತ್‌ಗಳು ಮಾಡಬೇಕು.

ನೀರಿನ ಪಾಳಿ

ದೇಶದಲ್ಲಿ ಮಾತ್ರ ಇಂಥ ಸೀಮೆ ಇದೆ ಎಂದಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಮರಳುಗಾಡಿನಲ್ಲಿ ಲಾ ಪಾಜ್ ಎಂಬ ಜಿಲ್ಲೆ ಇದೆ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು, ಸುಮಾರು 11,600 ಚದರ ಕಿ.ಮೀ. ಕಲಬುರಗಿಯಲ್ಲಿ 2011ರ ಜನಗಣತಿಯಂತೆ 25 ಲಕ್ಷಕ್ಕೂ ಹೆಚ್ಚು ಜನ. ಅಲ್ಲಿ 2020ರ ಲೆಕ್ಕದಲ್ಲಿ ಸುಮಾರು 16,500. ಹತ್ತೊಂಬತ್ತನೇ ಶತಮಾನದಲ್ಲಿ ಚಿನ್ನ ಸಿಕ್ಕಿತೆಂದು ಓಡಿ ಬಂದವರು ಕಟ್ಟಿದ ಲಾ ಪಾಜ್ ಎಂಬ ಊರು ಚಿನ್ನ ತೀರಿದ ಮೇಲೆ ಪಾಳು ಬಿತ್ತು. ಅದೇ ಜಿಲ್ಲೆಯ ಕ್ವಾರ್ಟ್ಜ್‌ಸೈಟ್ ಎಂಬ ಸಣ್ಣ ಊರಿನ ಸ್ಮಶಾನದಲ್ಲಿ ಹಾಜಿ ಅಲಿ ಎಂಬವರ ಸಮಾಧಿ ಇದೆ. ಅಮೆರಿಕದ ಸೈನ್ಯ ಮರಳುಗಾಡಿನಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ, 1856ರಲ್ಲಿ ಉಸ್ಮಾನಿಯಾ ಸಾಮ್ರಾಜ್ಯದಿಂದ ಅವುಗಳ ಜೊತೆ ಹೋದವರು ಅವರು. 1902ರಲ್ಲಿ ತೀರಿಕೊಂಡರು. ಅಲ್ಲಿನ ಜನ ಅವರ ಹೆಸರನ್ನು ‘ಹೈ ಜಾಲಿ’ ಎಂದು ತಿರುಚಿದರು, ಆದರೆ ಸಮಾಧಿಯ ಮೇಲೆ ಒಂಟೆಯ ಗುರುತು ಇಟ್ಟು ಗೌರವಿಸಿದರು.

ಆ ಕಡೆಯ ನ್ಯೂ ಮೆಕ್ಸಿಕೋ ಹಳ್ಳಿಗಳಲ್ಲಿ ಹೊಲಕ್ಕೆ ನೀರು ಹರಿಸುವ ಕಾಲುವೆಗೆ ‘ಅಸೇಕಿಯಾ’ ಎನ್ನುತ್ತಾರೆ. ಅದು ಅರಬ್ಬಿಯ ‘ಅಸ್ಸಾಕಿಯಾ’ ಶಬ್ದ. ಮುಸ್ಲಿಂ ಸ್ಪೇನಿನಲ್ಲಿ ಬೆಳೆದ ಕಾಲುವೆ ಪದ್ಧತಿ ಸ್ಪೇನಿನವರ ಜೊತೆ ಕಡಲು ದಾಟಿ ಅಲ್ಲಿಗೆ ಹೋಯಿತು. ಊರಿನವರೇ ಒಬ್ಬ ಹಿರಿಯನನ್ನು ಆರಿಸುತ್ತಾರೆ, ಅವನು ಯಾವ ಹೊಲಕ್ಕೆ ಯಾವ ಹೊತ್ತು ನೀರು ಎಂದು ಪಾಳಿ ಹಚ್ಚುತ್ತಾನೆ. ನೀರು ಕಡಿಮೆಯಾದ ವರ್ಷ ಎಲ್ಲರಿಗೂ ಕಡಿಮೆ. ನಮ್ಮಲ್ಲಿ ಬೀದರಿನ ಕಾರೇಜ್ ಇಂಥದ್ದೇ ಪರಂಪರೆಯದು, ಪರ್ಷಿಯಾದಿಂದ ಬಂದ ನೆಲದೊಳಗಿನ ಸುರಂಗ ಕಾಲುವೆ. ಎಲ್ಲಿ ನೀರು ವಿರಳವೋ ಅಲ್ಲಿ ಪಾಳಿ ಇಲ್ಲದೆ ಊರು ಉಳಿಯುವುದಿಲ್ಲ.

ಪ್ರವಾದಿ (ಸ) ಅವರ ಮುಂದೆ ಒಮ್ಮೆ ನೀರಿನ ತಕರಾರು ಬಂತು. ಹಜರತ್ ಜುಬೈರ್ (ರ.ಅ) ಅವರ ಹೊಲ ಮೇಲೆ, ಇನ್ನೊಬ್ಬ ಸಹಾಬಿಯ ಹೊಲ ಕೆಳಗೆ. ಮೇಲಿನವನು ತನ್ನ ಹೊಲಕ್ಕೆ ಹಾಯಿಸಿಕೊಂಡು ಕೆಳಗಿನವನಿಗೆ ನೀರು ಬಿಡಬೇಕು ಎಂಬುದು ತೀರ್ಪು. ಮೇಲಿನವನಿಗೆ ಮೊದಲ ಪಾಳಿ ಇದೆ, ಎಲ್ಲ ನೀರನ್ನು ತಡೆದು ನಿಲ್ಲಿಸುವ ಹಕ್ಕಿಲ್ಲ. ನೀರು, ಹುಲ್ಲುಗಾವಲು, ಬೆಂಕಿ ಇವುಗಳಲ್ಲಿ ಜನರೆಲ್ಲ ಪಾಲುದಾರರು ಎಂಬ ಹದೀಸನ್ನೂ ಇದರ ಜೊತೆ ಇಟ್ಟು ನೋಡಿ.

ಈಗ ಭೀಮೆಯನ್ನು ನೋಡಿ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ 861 ಕಿ.ಮೀ. ಹರಿದು ರಾಯಚೂರಿನ ಬಳಿ ಕೃಷ್ಣೆಗೆ ಸೇರುವ ನದಿ. 1980ರ ಹೊತ್ತಿಗೆ ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ಬಚಾವತ್ ನ್ಯಾಯಮಂಡಳಿ ಭೀಮೆಯಲ್ಲಿ ನಮ್ಮ ರಾಜ್ಯಕ್ಕೆ 15 ಟಿ.ಎಂ.ಸಿ. ಪಾಲು ಹೇಳಿದೆ. ಆದರೂ ಬೇಸಿಗೆಯಲ್ಲಿ ಅಫಜಲಪುರದ ಬಳಿ ಹೊಳೆ ಒಣಗಿ ಮರಳು ಕಾಣುತ್ತದೆ. 2024ರ ಬೇಸಿಗೆಯಲ್ಲಿ ನೀರು ಬಿಡಿ ಎಂದು ಅಫಜಲಪುರದ ಜನ ಹೋರಾಟಕ್ಕೆ ಕೂತರು. ಅದೇ ಹೊಳೆ 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿ ಮನೆ, ಬೆಳೆ, ದನಕರು ಕೊಚ್ಚಿಕೊಂಡು ಹೋಗಿತ್ತು. ಬೇಕಾದಾಗ ಇಲ್ಲ, ಬೇಡವಾದಾಗ ತಡೆಯಲಾರದಷ್ಟು. ಸೊನ್ನದ ಬ್ಯಾರೇಜ್, ಆಳಂದದ ಅಮರ್ಜಾ ಜಲಾಶಯ, ಜೇವರ್ಗಿಗೆ ಬಂದ ನಾರಾಯಣಪುರ ಎಡದಂಡೆಯ ಶಾಖಾ ಕಾಲುವೆ ಇವುಗಳಿಂದ ಕೆಲವು ಹೊಲಗಳಿಗೆ ನೀರು ಬಂದಿದೆ. ಉಳಿದವರು ಮುಗಿಲು ನೋಡುತ್ತಾರೆ, ಇಲ್ಲವೇ ಗುಳೆ ಹೋಗುತ್ತಾರೆ.

1972ರ ಬರದಲ್ಲಿ ಮಹಾರಾಷ್ಟ್ರದಲ್ಲಿ ಅಮೆರಿಕದಿಂದ ಬಂದ ಮೈಲೋ ಎಂಬ ಕೆಂಪು ಜೋಳ ಹಂಚಿದ್ದನ್ನು, ಜನ ರಸ್ತೆಗೆ ಜಲ್ಲಿ ಒಡೆದು ಕೂಲಿ ಪಡೆದದ್ದನ್ನು ಗಡಿಯ ಹಿರಿಯರು ನೆನೆಯುತ್ತಾರೆ. ಇಂದು ಹಸಿವು ಆ ಮಟ್ಟದ್ದಲ್ಲ. ಆದರೆ ದೀಪಾವಳಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿನ ಬಸ್ಸುಗಳು ತುಂಬುತ್ತವೆ. ನಾವು ಜುಮಾ ಬಯಾನಿಗೆ ಹೋಗುವ ಕೆಲವು ಹಳ್ಳಿಗಳಲ್ಲಿ ಮುದುಕರು, ಹೆಂಗಸರು, ಶಾಲೆಯ ಮಕ್ಕಳು ಮಾತ್ರ ಇರುತ್ತಾರೆ. ಕೆಲವು ಕಡೆ ಮಸೀದಿಯ ಮೊದಲ ಸಾಲು ತುಂಬುವುದು ಈದ್‌ಗೆ ಮಾತ್ರ. ನಗರದಲ್ಲಿ ಹುಟ್ಟಿದ ಮಕ್ಕಳು ಊರಿನ ಕಬರಸ್ತಾನದಲ್ಲಿ ತಾತನ ಗೋರಿ ಯಾವುದು ಎಂದು ಗುರುತಿಸಲಾರರು.

ನಮ್ಮ ಕೈಯಲ್ಲಿರುವುದು

ಈಚೆಗೆ ಆಳಂದದ ದರ್ಗಾ ಆವರಣದಲ್ಲಿ ಪೂಜೆಯ ವಿಷಯ ದೊಡ್ಡದಾಯಿತು. ಅಲ್ಲಿ ರಾಘವ ಚೈತನ್ಯರ ಸಮಾಧಿ ಇದೆ ಎಂದು ಹಿಂದೂ ಭಕ್ತರು ನಂಬುತ್ತಾರೆ. 2022ರ ಶಿವರಾತ್ರಿಯಲ್ಲಿ ಕಲ್ಲು ತೂರಾಟ ನಡೆದು ಊರೆಲ್ಲ ನಡುಗಿತು. 2023ರಲ್ಲಿ ಉರೂಸ್ ಮತ್ತು ಶಿವರಾತ್ರಿ ಒಂದೇ ದಿನ ಬಂದವು. ಆಗ ನ್ಯಾಯಾಲಯದ ಆದೇಶದಂತೆ ಬೆಳಗಿನ ಹೊತ್ತು ಮುಸ್ಲಿಮರಿಗೆ, ಮಧ್ಯಾಹ್ನದ ನಂತರ ಗೊತ್ತುಮಾಡಿದಷ್ಟು ಜನ ಹಿಂದೂಗಳಿಗೆ ಎಂದು ಸಮಯ ಹಂಚಲಾಯಿತು, ದಿನ ಶಾಂತಿಯಿಂದ ಕಳೆಯಿತು. ಹಕ್ಕಿನ ಪ್ರಶ್ನೆಯನ್ನು ಕಾನೂನು ನೋಡಿಕೊಳ್ಳಲಿ, ದಾಖಲೆ ಇದ್ದವರು ದಾಖಲೆ ತೋರಿಸಲಿ. ನಮಗೆ ಮುಖ್ಯವಾಗಿ ಕಂಡದ್ದು, ಬಾವಿಯ ನೀರಿಗೆ ಪಾಳಿ ಹಚ್ಚಿಕೊಂಡು ಶತಮಾನಗಟ್ಟಲೆ ಬದುಕಿದ ಜನ ಒಂದು ದಿನದ ಹೊತ್ತಿಗೂ ಪಾಳಿ ಹಚ್ಚಿಕೊಳ್ಳಬಲ್ಲರು ಎಂಬುದು. ಅದಕ್ಕೆ ನ್ಯಾಯಾಲಯದವರೆಗೆ ಹೋಗುವ ಮುಂಚೆ ಊರಿನ ಹಿರಿಯರೇ ಕೂತು ಮಾತಾಡಿದ್ದರೆ ಇನ್ನೂ ಚೆನ್ನಾಗಿತ್ತು. ಮುಂದೆ ಬೇರೆ ಊರಿನಲ್ಲಿ ಇಂಥ ಮಾತು ಎದ್ದರೆ ಕಲ್ಲು ಎತ್ತುವ ಹುಡುಗನ ಕೈ ಹಿಡಿಯುವುದು ತಂದೆ ತಾಯಿಯ ಕೆಲಸ, ಮುತವಲ್ಲಿಯ ಕೆಲಸ, ನಮ್ಮ ಕೆಲಸ.

ಹಜರತ್ ಉಸ್ಮಾನ್ (ರ.ಅ) ಅವರು ಮದೀನಾದಲ್ಲಿ ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟರು. ಅವರಿಗಿಂತ ಮುಂಚೆ ಅದರ ನೀರು ದುಡ್ಡಿಗೆ ಸಿಗುತ್ತಿತ್ತು. ನಮ್ಮ ಹಳ್ಳಿಗಳ ಹಳೆಯ ಮಸೀದಿ, ದರ್ಗಾಗಳ ಬಳಿ ಬಾವಿಗಳಿವೆ. ಎಷ್ಟೋ ಬಾವಿಗಳಲ್ಲಿ ಈಗ ಕಸ ತುಂಬಿದೆ. ಬೋರ್‌ವೆಲ್ ಹಾಕಿದ ಮೇಲೆ ಬಾವಿ ಯಾರಿಗೂ ಬೇಡವಾಯಿತು, ಈಗ ಬೋರ್‌ವೆಲ್ಲೂ ಬತ್ತುತ್ತಿದೆ. ಈ ರಂಜಾನಿಗೆ ಮುಂಚೆ ಪ್ರತಿಯೊಂದು ಜಮಾತ್ ಒಂದು ಬಾವಿಯ ಹೂಳು ತೆಗೆಸಲಿ. ವುಜೂ ನೀರು ಚರಂಡಿಗೆ ಹೋಗದೆ ಇಂಗುಗುಂಡಿಗೆ ಹೋಗುವಂತೆ ಮಾಡಲಿ, ಮಸೀದಿಯ ಮಾಳಿಗೆಯ ಮಳೆನೀರು ಬಾವಿಗೆ ಬೀಳಲಿ. ಆ ಬಾವಿಯ ನೀರು ಓಣಿಯ ಎಲ್ಲ ಮನೆಗೂ ಸೇರಿದ್ದು ಎಂದು ಹೇಳಿ ಬಿಡಲಿ. ಸದಕಾ ಜಾರಿಯಾ ಎಂದರೆ ಇದೇ. ನಗರದಲ್ಲಿ ದುಡಿಯುವ ನಮ್ಮ ಯುವಕರು ತಮ್ಮ ತಂದೆ ತಾಯಿಯ ಹೆಸರಿನಲ್ಲಿ ಇದರ ಖರ್ಚು ಹೊತ್ತರೆ ಊರಿನ ಜೊತೆಗಿನ ಸಂಬಂಧವೂ ಉಳಿಯುತ್ತದೆ.

ಇನ್ನೊಂದು ಕೆಲಸ ಹಿರಿಯರ ಮಾತನ್ನು ಬರೆದಿಡುವುದು. 1948ನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. 1972ರ ಬರ ಕಂಡವರು ಇನ್ನೂ ಇದ್ದಾರೆ. ಯಾವ ಊರಿನಲ್ಲಿ ಯಾರು ಯಾರನ್ನು ಕಾಪಾಡಿದರು, ಯಾವ ಬಾವಿ ಯಾರ ಕೈಯಿಂದ ಆಯಿತು, ಮಸೀದಿಯ ಜಾಗ ಯಾರು ಕೊಟ್ಟರು ಎಂದು ಕೇಳಿ, ಮನೆಯಲ್ಲಿರುವ ಹಳೆಯ ಉರ್ದು, ಮೋಡಿ ಕಾಗದಗಳನ್ನು ಗೆದ್ದಲು ತಿನ್ನುವ ಮೊದಲು ಫೋಟೋ ತೆಗೆದಿಡಿ. ಕಾಲೇಜಿಗೆ ಹೋಗುವ ಮಕ್ಕಳಿಗೆ ಈ ರಜೆಯಲ್ಲಿ ಇದನ್ನೇ ಕೆಲಸವಾಗಿ ಕೊಡಿ. ಉತ್ತರ ಸಿಗದ ಊರಿನಲ್ಲಿ ಕಬರಸ್ತಾನದ ಕಾವಲುಗಾರನನ್ನೋ, ಮಠದ ಹಿರಿಯರನ್ನೋ ಕೇಳಿ. ಅವರಿಗೆ ನಮಗಿಂತ ಹೆಚ್ಚು ಗೊತ್ತಿರಬಹುದು.

ಹಜರತ್ ಇಬ್ರಾಹೀಮ್ (ಅ) ಅವರು ತಮ್ಮ ಹೆಂಡತಿ ಮಗುವನ್ನು ಬೆಳೆ ಇಲ್ಲದ ಕಣಿವೆಯಲ್ಲಿ ಬಿಟ್ಟು ದುಆ ಮಾಡಿದರು. ತಾಯಿ ಹಾಜರಾ (ಅ) ಅವರು ನೀರಿಗಾಗಿ ಎರಡು ಗುಡ್ಡಗಳ ನಡುವೆ ಓಡಿದರು. ಜಮ್‌ಜಮ್ ಬಂದ ಮೇಲೆ ಜುರ್ಹುಮ್ ಬುಡಕಟ್ಟಿನವರು ಬಂದು ಇಲ್ಲಿ ಇರಬಹುದೇ ಎಂದು ಆ ತಾಯಿಯ ಅನುಮತಿ ಕೇಳಿದರು, ಅವರು ನೀರನ್ನು ಹಂಚಿಕೊಂಡರು. ಮಕ್ಕಾ ಊರಾದದ್ದು ಹಾಗೆ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳು ಉಳಿದದ್ದೂ ನೀರು ಮತ್ತು ಕಾಳನ್ನು ಹಂಚಿಕೊಂಡೇ. ಅಲ್ಲಾಹನು ಈ ಸೀಮೆಗೆ ಹೊತ್ತಿಗೆ ಸರಿಯಾಗಿ ಮಳೆ ಕೊಡಲಿ, ಗುಳೆ ಹೋದವರನ್ನು ಸುಖವಾಗಿ ಮನೆಗೆ ಮುಟ್ಟಿಸಲಿ, ನೆರೆಹೊರೆಯವರ ನಡುವೆ ಪ್ರೀತಿ ಉಳಿಸಲಿ. ಆಮೀನ್.